ಕಲಬುರಗಿಯ ಬಾಡಿಗೆ ಮನೆಗೆ ಯಾವ ಗಿಟಾರ್ ಆಂಪ್?

ನಾನು ಕೊಂಡ ಮೊದಲ ಗಿಟಾರ್ ಆಂಪ್, ಅಂದರೆ ಎಲೆಕ್ಟ್ರಿಕ್ ಗಿಟಾರಿನ ಸದ್ದನ್ನು ದೊಡ್ಡದು ಮಾಡುವ ಸ್ಪೀಕರ್ ಪೆಟ್ಟಿಗೆ, 100 ವಾಟಿನದು. ಪುಣೆಗೆ ಕೆಲಸಕ್ಕೆ ಹೊರಟಿದ್ದ ಹುಡುಗನೊಬ್ಬ ಕಡಿಮೆ ರೇಟಿಗೆ ಕೊಟ್ಟ. ಆಟೋದಲ್ಲಿ ಹಾಕಿಕೊಂಡು ಬಂದು ಬ್ರಹ್ಮಪುರದ ಬಾಡಿಗೆ ಮನೆಯ ಮೆಟ್ಟಿಲು ಹತ್ತಿಸುವಷ್ಟರಲ್ಲಿ ಬೆನ್ನು ಹಿಡಿದುಕೊಂಡಿತ್ತು. ಸಂಜೆ ಗಿಟಾರ್ ಸಿಕ್ಕಿಸಿ ವಾಲ್ಯೂಮ್ ನಾಬನ್ನು ಸೊನ್ನೆಯಿಂದ ಒಂದರ ಕಡೆಗೆ ಮೆಲ್ಲಗೆ ತಿರುಗಿಸಿದೆ. ಏನೂ ಕೇಳಲಿಲ್ಲ. ಇನ್ನೊಂದು ಕೂದಲೆಳೆಯಷ್ಟು ತಿರುಗಿಸಿದೆ. ಕಿಟಕಿಯ ಗಾಜು ಗಡಗಡ ಅಂದಿತು. ಮಾಲೀಕರ ತಾಯಿಯನ್ನು ನಾವೆಲ್ಲ ಆಯಿ ಅನ್ನುತ್ತೇವೆ. ಕೆಳಗಿನಿಂದ ಅವರ ಕೂಗು ಬಂತು: 'ತಮ್ಮಾ, ಜರಾ ಸಣ್ಣ ಮಾಡೋ. ಕೂಸು ಈಗ ಮಲಗ್ಯಾದ.'

ಆ ಸೊನ್ನೆ ಮತ್ತು ಒಂದರ ನಡುವಿನ ಜಾಗದಲ್ಲೇ ನಾನು ಎರಡು ವರ್ಷ ನುಡಿಸಿದೆ. ಸರಿಯಾದ ಅಳತೆ ಸಿಕ್ಕ ದಿನ ನಾಬಿನ ಮೇಲೊಂದು, ಎದುರಿಗೆ ಪ್ಯಾನೆಲ್ ಮೇಲೊಂದು ಟಿಕಳಿ ಅಂಟಿಸಿದೆ. ಹೆಂಡತಿಯ ಪ್ಯಾಕೆಟ್ಟಿನವು, ಕೆಂಪು, ಎಲ್ಲಕ್ಕಿಂತ ಸಣ್ಣ ಸೈಜಿನವು. ಎರಡೂ ಎದುರುಬದುರಾದರೆ ಕೆಳಗಿನ ಮನೆ ಸುಮ್ಮನಿರುತ್ತಿತ್ತು. ಒಂದು ಟಿಕಳಿಯ ಅಗಲದಷ್ಟು ಆಚೆ ಹೋದರೂ ಕೂಗು ಬರುತ್ತಿತ್ತು. ಅಷ್ಟು ಕಷ್ಟಪಟ್ಟರೂ ಧ್ವನಿ ಚೆನ್ನಾಗಿತ್ತಾ? ಇಲ್ಲ. ತೆಳ್ಳಗೆ, ಜೀವ ಇಲ್ಲದ ಹಾಗೆ ಇತ್ತು.

ಆಮೇಲೆ ಏಳೆಂಟು ಆಂಪ್‌ಗಳು ಕೈ ದಾಟಿ ಹೋದವು. ಕೆಲವು ನನ್ನವು, ಕೆಲವು ಗೆಳೆಯರವು, ಒಂದೆರಡು ಬೀದರಿನಲ್ಲಿ ಚರ್ಚಿಗೆ ನುಡಿಸುವ ಹುಡುಗರವು. ಈಗ ಯಾರಾದರೂ ಮನೆಗೆ ಯಾವ ಆಂಪ್ ತರಲಿ ಅಂತ ಕೇಳಿದರೆ ನಾನು ಮೊದಲು ಕೇಳುವುದು ಒಂದೇ: ಪಕ್ಕದಲ್ಲಿ ಕೂತವರ ಮಾತು ಕೇಳುವಷ್ಟು ಸಣ್ಣಗೆ ಇಟ್ಟಾಗ ಅದು ಹೇಗೆ ಕೇಳುತ್ತದೆ, ಕೇಳಿ ನೋಡಿದ್ದೀರಾ?

ವಾಟಿನ ಲೆಕ್ಕ

ಡಬ್ಬಿಯ ಮೇಲೆ ದೊಡ್ಡ ಅಕ್ಷರದಲ್ಲಿ ಇರುವುದು ವಾಟ್. ಹಾಗಾಗಿ ಎಲ್ಲರ ಕಣ್ಣು ಅಲ್ಲೇ ಹೋಗುತ್ತದೆ. ಆದರೆ 50 ವಾಟಿನ ಆಂಪ್ 5 ವಾಟಿನದಕ್ಕಿಂತ ಹತ್ತು ಪಟ್ಟು ಜೋರಾಗಿ ಕೇಳುವುದಿಲ್ಲ. ಕಿವಿಗೆ ಸುಮಾರು ಎರಡು ಪಟ್ಟು ಅನ್ನಿಸುತ್ತದೆ, ಅಷ್ಟೇ. ವಾಟ್ ದುಪ್ಪಟ್ಟು ಮಾಡಿದರೆ ಏರುವುದು ಬರೀ 3 ಡೆಸಿಬೆಲ್.

ಇನ್ನೊಂದು ಲೆಕ್ಕ ನೋಡಿ. ಒಂದು ವಾಟ್ ಕೊಟ್ಟರೆ ಒಂದು ಮೀಟರ್ ದೂರಕ್ಕೆ 95 ಡೆಸಿಬೆಲ್ ಕೇಳಿಸುವ ಗಿಟಾರ್ ಸ್ಪೀಕರ್‌ಗಳು ಸಾಮಾನ್ಯ. ನಮ್ಮ ಮಾತಿನ ದನಿ 60ರ ಆಸುಪಾಸು. ಮನೆಯಲ್ಲಿ 65 ಡೆಸಿಬೆಲ್‌ನಲ್ಲಿ ನುಡಿಸಿದರೆ ಆ ಸ್ಪೀಕರಿಗೆ ಬೇಕಾಗುವುದು ಒಂದು ವಾಟಿನ ಸಾವಿರದಲ್ಲಿ ಒಂದು ಪಾಲು. ನನ್ನ 100 ವಾಟಿನ ಪೆಟ್ಟಿಗೆ ಎರಡು ವರ್ಷ ಮಾಡಿದ ಕೆಲಸ ಅಷ್ಟೇ. ತೊಗರಿ ತುಂಬಿದ ಲಾರಿ ತಂದು ಓಣಿಯ ಕಿರಾಣಿ ಅಂಗಡಿಗೆ ಹೋಗಿ ಬಂದ ಹಾಗೆ.

ಸಣ್ಣ ದನಿಯಲ್ಲಿ ಧ್ವನಿ ತೆಳ್ಳಗಾಗುವುದಕ್ಕೆ ಆಂಪ್ ಒಂದೇ ಕಾರಣ ಅಲ್ಲ, ನಮ್ಮ ಕಿವಿಯ ಪಾಲೂ ಇದೆ. ಶಬ್ದ ಸಣ್ಣದಾದಂತೆ ಕಿವಿಗೆ ಬೇಸ್ ಕಡಿಮೆ ಕೇಳುತ್ತದೆ. ಫ್ಲೆಚರ್ ಮತ್ತು ಮನ್ಸನ್ ಎಂಬ ಇಬ್ಬರು 1933ರಲ್ಲೇ ಇದನ್ನು ಅಳೆದು ಗ್ರಾಫ್ ಹಾಕಿ ತೋರಿಸಿದ್ದಾರೆ. ಅದಕ್ಕೇ ಅಂಗಡಿಯಲ್ಲಿ ಜೋರಾಗಿ ಕೇಳಿ ಮನಸೋತ ಧ್ವನಿ ಮನೆಗೆ ಬಂದ ಮೇಲೆ ಸಪ್ಪೆ ಆಗುತ್ತದೆ. ಮನೆಯಲ್ಲಿ ಬೇಸ್ ನಾಬನ್ನು ಸ್ವಲ್ಪ ಜಾಸ್ತಿ ಇಟ್ಟರೆ ತಪ್ಪೇನಿಲ್ಲ.

ಮತ್ತೆ, ಗೇನ್ ಮತ್ತು ಮಾಸ್ಟರ್ ಅಂತ ಎರಡು ನಾಬ್ ಬೇರೆ ಬೇರೆ ಇರುವ ಆಂಪನ್ನೇ ಕೊಳ್ಳಿ. ಗೇನ್ ಏರಿಸಿದರೆ ಧ್ವನಿ ಒಡೆಯುತ್ತದೆ, ಅಂದರೆ ರಾಕ್‌ನ ಆ ಕರಕರ ಬರುತ್ತದೆ. ಮಾಸ್ಟರ್ ಇಳಿಸಿದರೆ ಅದೇ ಕರಕರ ಸಣ್ಣ ದನಿಯಲ್ಲಿ ಸಿಗುತ್ತದೆ. ಒಂದೇ ವಾಲ್ಯೂಮ್ ಇರುವ ಹಳೇ ಶೈಲಿಯ ಆಂಪಿನಲ್ಲಿ ಕರಕರ ಬೇಕಾದರೆ ಜೋರು ಮಾಡಲೇಬೇಕು. ಆಗ ಆಯಿ ಕೂಗಲೇಬೇಕು.

ಹೆಡ್‌ಫೋನಿಗೆ ಮಾತ್ರ

ಎಲ್ಲಕ್ಕಿಂತ ಅಗ್ಗದ ದಾರಿ ಇದು. ವಾಕ್ಸ್ ಆಂಪ್‌ಪ್ಲಗ್ ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದು, ರಿಮೋಟಿಗೆ ಹಾಕುವ ಎರಡು ಸಣ್ಣ ಸೆಲ್ಲಿನಲ್ಲಿ ಓಡುತ್ತದೆ. ಗಿಟಾರಿನ ತೂತಿಗೇ ನೇರವಾಗಿ ಸಿಕ್ಕಿಸುವುದು. ಫೆಂಡರ್ ಮಸ್ಟಾಂಗ್ ಮೈಕ್ರೋ ಕೂಡ ಹಾಗೇ, ಅದು ಚಾರ್ಜ್ ಆಗುವಂಥದ್ದು, ಧ್ವನಿಗಳೂ ಜಾಸ್ತಿ. ಹಾಸ್ಟೆಲ್, ಪಿಜಿ, ರಾತ್ರಿ ಹನ್ನೊಂದರ ನಂತರದ ಅಭ್ಯಾಸ, ಇವಕ್ಕೆ ಇದೇ ಸರಿ.

ವೈರ್ ಇರುವ ಹೆಡ್‌ಫೋನನ್ನೇ ಹಾಕಿ. ಬ್ಲೂಟೂತ್ ಇಯರ್‌ಬಡ್ಸ್‌ನಲ್ಲಿ ತಂತಿ ಮೀಟಿದ ಮೇಲೆ ಧ್ವನಿ ತಡವಾಗಿ ಬರುತ್ತದೆ. ಹಾಡು ಕೇಳುವಾಗ ಅದು ಗೊತ್ತಾಗುವುದಿಲ್ಲ, ನುಡಿಸುವಾಗ ತಲೆ ಕೆಡುತ್ತದೆ. ಬ್ಲೂಟೂತ್ ಸ್ಪೀಕರಿನಲ್ಲಿ ಗಿಟಾರ್ ನುಡಿಸಲು ನೋಡಿದವರಿಗೂ ಇದೇ ಅನುಭವ. ಫೋನಿನಿಂದ ಆಂಪಿಗೆ ತಾಳದ ಟ್ರ್ಯಾಕ್ ಕಳಿಸಲು ಮಾತ್ರ ಬ್ಲೂಟೂತ್ ಬಹಳ ಉಪಯೋಗ.

ಆದರೆ ಬರೀ ಹೆಡ್‌ಫೋನಿನಲ್ಲೇ ಕಲಿಯಬೇಡಿ. ಕೋಣೆಯಲ್ಲಿ ಧ್ವನಿ ಹೇಗೆ ಹರಡುತ್ತದೆ ಅಂತ ಕೈಗೆ ಗೊತ್ತಾಗುವುದೇ ಇಲ್ಲ.

ಸೆಲ್ ಹಾಕುವ ಸಣ್ಣ ಪೆಟ್ಟಿಗೆಗಳು

ನಮ್ಮ ಕಡೆ ಕರೆಂಟಿನ ಕಥೆ ಗೊತ್ತಲ್ಲ. ಮೇ ತಿಂಗಳಲ್ಲಿ 40 ಡಿಗ್ರಿ ದಾಟಿದ ದಿನ, ಸಂಜೆ ಗಾಳಿ ಎದ್ದರೆ ಲೈಟ್ ಹೋಗುತ್ತದೆ. ಆ ಹೊತ್ತಿಗೆ ಮಾಳಿಗೆ ಮೇಲೆ ಹೋಗಿ ನುಡಿಸಲು ಇವು ಬೇಕು. ಬ್ಲಾಕ್‌ಸ್ಟಾರ್ ಫ್ಲೈ 3 ಮೂರು ವಾಟ್, ಮೂರು ಇಂಚಿನ ಸ್ಪೀಕರ್. ರೋಲಂಡ್ ಮೈಕ್ರೋ ಕ್ಯೂಬ್ ಜಿಎಕ್ಸ್ ಕೂಡ ಮೂರು ವಾಟ್, ಆದರೆ ಸ್ಪೀಕರ್ ಐದು ಇಂಚು. ಬಾಸ್ ಕಟಾನಾ ಮಿನಿ ಏಳು ವಾಟ್, ನಾಲ್ಕು ಇಂಚು. ಮೂರೂ ಆರಾರು ಪೆನ್ಸಿಲ್ ಸೆಲ್ಲಿನಲ್ಲಿ ಓಡುತ್ತವೆ, ಅಡಾಪ್ಟರ್ ಹಾಕಿದರೆ ಕರೆಂಟಿನಲ್ಲೂ.

ಈ ಮೂರರಲ್ಲಿ ನನ್ನ ಓಟು ಮೈಕ್ರೋ ಕ್ಯೂಬಿಗೆ. ಕಾರಣ ಸ್ಪೀಕರಿನ ಸೈಜ್. ಗಿಟಾರಿನ ದಪ್ಪ ತಂತಿ ಬಿಟ್ಟು ಮೀಟಿದರೆ ಸೆಕೆಂಡಿಗೆ 82 ಸಲ ಕಂಪಿಸುತ್ತದೆ. ಮೂರು ಇಂಚಿನ ಕಾಗದಕ್ಕೆ ಅಷ್ಟು ಗಾಳಿ ನೂಕುವ ತಾಕತ್ತಿಲ್ಲ. ಮೇಲಿನ ಸ್ವರಗಳನ್ನು ಕೇಳಿ ಕೆಳಗಿನದನ್ನು ನಮ್ಮ ಮೆದುಳೇ ಊಹಿಸಿಕೊಳ್ಳುತ್ತದೆ. ಊಹೆಯ ಮೇಲೆ ಎಷ್ಟು ದಿನ ನುಡಿಸುತ್ತೀರಿ? ಐದು ಇಂಚಾದರೆ ಸ್ವಲ್ಪ ವಾಸಿ. ಕಟಾನಾ ಮಿನಿಯಲ್ಲಿ ಒಡೆದ ಧ್ವನಿ ಚೆನ್ನಾಗಿದೆ, ಅದನ್ನು ಒಪ್ಪುತ್ತೇನೆ. ಮೆಟಲ್ ನುಡಿಸುವವರು ಅದನ್ನೇ ತನ್ನಿ.

ಟೇಬಲ್ ಮೇಲಿನ ಸ್ಟೀರಿಯೋ

ಮನೆಗೆ ಅಂತಲೇ ಯೋಚಿಸಿ ಮಾಡಿದವು ಇವು. ಯಮಾಹಾ ಟಿಎಚ್ಆರ್ ಸರಣಿ 2011ರಲ್ಲಿ ಬಂತು. ನೋಡಲು ಹಳೇ ರೇಡಿಯೋ ಹಾಗಿದೆ. ಒಳಗೆ ಎಂಟು ಸೆಂಟಿಮೀಟರಿನ ಎರಡು ಸ್ಪೀಕರ್. ಮೇಲೆ ಹೇಳಿದ ಲೆಕ್ಕದಲ್ಲಿ ಇದು ಸೋಲಬೇಕಿತ್ತು, ಅಲ್ವಾ? ಸೋಲುವುದಿಲ್ಲ. ಸಣ್ಣ ದನಿಯಲ್ಲಿ ಕಿವಿ ಕಳೆದುಕೊಳ್ಳುವುದನ್ನು ಇದರೊಳಗಿನ ಕಂಪ್ಯೂಟರ್ ಮೊದಲೇ ತುಂಬಿ ಕೊಡುತ್ತದೆ. ಎರಡು ಸ್ಪೀಕರ್ ಇರುವುದರಿಂದ ಧ್ವನಿ ಅಗಲವಾಗಿ ಹರಡುತ್ತದೆ. ಟಿಕಳಿ ಅಂಟಿಸುವ ಅಗತ್ಯವೇ ಬೀಳುವುದಿಲ್ಲ. ಗೆಳೆಯನ ಮನೆಯಲ್ಲಿ ಅವನ ಹೆಂಡತಿ ಅದೇ ಕೋಣೆಯಲ್ಲಿ ಫೋನಿನಲ್ಲಿ ಮಾತಾಡುತ್ತಿದ್ದಾಗ ನಾನು ಅರ್ಧ ಗಂಟೆ ಇದನ್ನು ನುಡಿಸಿದ್ದೇನೆ. ಅವರು ಒಮ್ಮೆಯೂ ತಿರುಗಿ ನೋಡಲಿಲ್ಲ. ಹಾಡು ಕೇಳುವ ಸ್ಪೀಕರ್ ಆಗಿಯೂ ಕೆಲಸಕ್ಕೆ ಬರುತ್ತದೆ.

ಪಾಸಿಟಿವ್ ಗ್ರಿಡ್ ಸ್ಪಾರ್ಕ್ 40ರಲ್ಲಿ ನಾಲ್ಕು ಇಂಚಿನ ಎರಡು ಸ್ಪೀಕರ್ ಇವೆ. ಅದರ ಆಟವೆಲ್ಲ ಫೋನಿನ ಆ್ಯಪ್‌ನಲ್ಲಿ. ಧ್ವನಿಗಳು ಸಾವಿರಗಟ್ಟಲೆ. ಹೊಸದಾಗಿ ಕಲಿಯುವವರಿಗೆ ಇದೇ ಗುಂಡಿ. ಒಂದು ಗಂಟೆ ಕೂತರೆ ಮುಕ್ಕಾಲು ಗಂಟೆ ಫೋನ್ ಒತ್ತುವುದರಲ್ಲೇ ಹೋಗುತ್ತದೆ. ಫೋನ್ ಬದಲಾದರೆ, ಆ್ಯಪ್ ನಿಂತರೆ ಏನು ಅನ್ನುವ ಚಿಂತೆ ಬೇರೆ. ಟಿಎಚ್ಆರ್‌ಗೂ ಆ್ಯಪ್ ಇದೆ, ಆದರೆ ಅದಿಲ್ಲದೆ ನಾಬುಗಳಲ್ಲೇ ಹೆಚ್ಚಿನ ಕೆಲಸ ನಡೆಯುತ್ತದೆ. ದುಡ್ಡು ಇದ್ದರೆ ನಾನು ಟಿಎಚ್ಆರ್ ಕಡೆ.

ಎಂಟು ಇಂಚಿನ ಸಾದಾ ಆಂಪ್

ನನ್ನ ಮನೆಯಲ್ಲಿ ಈಗ ಇರುವುದು ಈ ಜಾತಿಯದು. ಆರೆಂಜ್ ಕ್ರಶ್ 20. ಇಪ್ಪತ್ತು ವಾಟ್, ಎಂಟು ಇಂಚು, ಒಂದು ಕ್ಲೀನ್ ಚಾನೆಲ್, ಒಂದು ಕರಕರ ಚಾನೆಲ್. ಬೇಸ್, ಮಿಡ್ಲ್, ಟ್ರೆಬಲ್. ಮುಗೀತು. ಹತ್ತು ಬೈ ಹನ್ನೆರಡರ ಕೋಣೆಗೆ ಎಂಟು ಇಂಚಿನ ಸ್ಪೀಕರ್ ಹೇಳಿ ಮಾಡಿಸಿದ್ದು. ಧ್ವನಿಗೆ ಮೈ ಇರುತ್ತದೆ, ಆದರೆ ಕೋಣೆ ತುಂಬಿ ಹೊರಗೆ ಚೆಲ್ಲುವುದಿಲ್ಲ. ಇನ್ನೂ ಕಡಿಮೆ ಬೆಲೆಗೆ ಕ್ರಶ್ 12 ಸಿಗುತ್ತದೆ, ಅದರಲ್ಲಿ ಒಂದೇ ಚಾನೆಲ್, ಆರು ಇಂಚು.

ಫೆಂಡರ್ ಚಾಂಪಿಯನ್ 20 ಕೂಡ 20 ವಾಟ್, ಎಂಟು ಇಂಚಿನದೇ. ಅದರಲ್ಲಿ ರಿವರ್ಬ್ (ದೊಡ್ಡ ಹಾಲಿನಲ್ಲಿ ನುಡಿಸಿದಂಥ ಗುಂಗು), ಡಿಲೇ (ಪ್ರತಿಧ್ವನಿ) ಒಳಗೇ ಬರುತ್ತವೆ. ಕ್ಲೀನ್ ಧ್ವನಿ ಗಂಟೆ ಹೊಡೆದಂತೆ ಸ್ವಚ್ಛ. ಹಿಂದಿ ಹಳೇ ಹಾಡು, ಭಾವಗೀತೆ, ಚರ್ಚಿನ ಹಾಡು ನುಡಿಸುವವರು ಫೆಂಡರ್ ತನ್ನಿ. ರಾಕ್ ಹುಚ್ಚಿನವರಿಗೆ ಆರೆಂಜ್. ಇದಕ್ಕಿಂತ ಉದ್ದದ ಸಲಹೆ ಇಲ್ಲಿ ಬೇಕಿಲ್ಲ.

ಮುಂದೆ ಬ್ಯಾಂಡ್ ಮಾಡುವ ಆಸೆ ಇದ್ದರೆ?

ಹಾಗಾದರೆ ಬಾಸ್ ಕಟಾನಾ 50. ಹನ್ನೆರಡು ಇಂಚಿನ ಸ್ಪೀಕರ್, ಹನ್ನೊಂದು ಕಿಲೋ ದಾಟುವ ತೂಕ. ಇಷ್ಟು ದೊಡ್ಡದನ್ನು ಮನೆಯ ಪಟ್ಟಿಯಲ್ಲಿ ಯಾಕೆ ಸೇರಿಸಿದೆ ಅಂದರೆ, ಅದರಲ್ಲಿ 50, 25, 0.5 ಅಂತ ಮೂರು ಪವರ್ ಇವೆ. ಅರ್ಧ ವಾಟಿಗೆ ಇಟ್ಟರೆ ಮಾಸ್ಟರ್ ನಾಬನ್ನು ಆರಾಮಾಗಿ ತಿರುಗಿಸಬಹುದು. ಗಣೇಶನ ಮುಂದೆ ಪೆಂಡಾಲಿನಲ್ಲಿ ನುಡಿಸುವ ದಿನ 50ಕ್ಕೆ ಹಾಕಿದರಾಯಿತು. ನನ್ನ ಮೊದಲ ಆಂಪಿನಲ್ಲಿ ಇದೊಂದು ಇದ್ದಿದ್ದರೆ ಟಿಕಳಿಯ ಕಥೆಯೇ ಇರುತ್ತಿರಲಿಲ್ಲ.

ವಾಲ್ವ್ ಆಂಪ್ ಬೇಡ ಅಂತೀರಾ?

ಅಂತೀನಿ. ಬೈಯುವವರು ಬೈಯಲಿ. ಹಳೇ ರೇಡಿಯೋದಲ್ಲಿ ಇರುತ್ತಿದ್ದಂಥ ಗಾಜಿನ ವಾಲ್ವಿನಿಂದ ಓಡುವ ಆಂಪ್ ಇದು. ವಾಲ್ವಿನ ಧ್ವನಿ ಚೆನ್ನಾಗಿಲ್ಲ ಅಂತ ಯಾರು ಹೇಳಿದರು? ಬ್ಲಾಕ್‌ಸ್ಟಾರ್ ಎಚ್‌ಟಿ-1ಆರ್ ಒಂದೇ ವಾಟು, ವಾಕ್ಸ್ ಎಸಿ4 ನಾಲ್ಕೇ ವಾಟು. ಕೇಳಲು ಸಣ್ಣ ಸಂಖ್ಯೆಗಳು. ಆದರೆ ಮೇಲಿನ 95 ಡೆಸಿಬೆಲ್ ಲೆಕ್ಕ ಮತ್ತೆ ನೆನಪಿಸಿಕೊಳ್ಳಿ. ಒಂದು ವಾಟನ್ನು ಪೂರ್ತಿ ಬಿಟ್ಟರೆ ಅಡುಗೆಮನೆಯ ಮಿಕ್ಸರಿಗೇ ಪೈಪೋಟಿ ಕೊಡುತ್ತದೆ. ಕೊನೆಯ ವಾಲ್ವಿಗೆ ಮೈತುಂಬ ಕೆಲಸ ಕೊಟ್ಟಾಗಲೇ ಅದರ ನಿಜವಾದ ರುಚಿ. ಮನೆಯಲ್ಲಿ ಆ ರುಚಿ ಸಿಗುವ ತನಕ ಹೋಗಲು ಬಿಡುವವರು ಯಾರು?

ಬೇರೆ ತಕರಾರುಗಳೂ ಇವೆ. ವಾಲ್ವ್ ಬಿಸಿ ಆಗುತ್ತದೆ. ಬೇಸಿಗೆಯಲ್ಲಿ ಕೂಲರ್ ಹಚ್ಚಿ ಕೂತವರ ಪಕ್ಕ ಇನ್ನೊಂದು ಒಲೆ ಬೇಕಾ? ಸವೆದ ವಾಲ್ವ್ ಹೈದರಾಬಾದಿನಿಂದಲೋ ಬೆಂಗಳೂರಿನಿಂದಲೋ ತರಿಸಬೇಕು. ಒಳಗೆ ನೂರಾರು ವೋಲ್ಟ್ ಇರುತ್ತದೆ. ಪ್ಲಗ್ ಕಿತ್ತ ಮೇಲೂ ಕೆಪಾಸಿಟರಿನಲ್ಲಿ ಉಳಿದಿರುತ್ತದೆ. ಓಣಿಯ ಟಿವಿ ರಿಪೇರಿ ಅಂಗಡಿಯವನು ಬಲ್ಲವನಾದರೆ ಸರಿ, ನೀವೇ ಸ್ಕ್ರೂ ಬಿಚ್ಚಲು ಹೋಗಬೇಡಿ.

ಅಮೆರಿಕದಿಂದ ಮಾವ ತಂದರು ಅನ್ನುವ ಆಂಪಿನ ಬಗ್ಗೆಯೂ ಒಂದು ಮಾತು. ಅಲ್ಲಿಯ ಕರೆಂಟ್ 120 ವೋಲ್ಟ್, ನಮ್ಮದು 230. ಯಾದಗಿರಿಯ ಗೆಳೆಯನೊಬ್ಬ ಬರೀ ಪಿನ್ ಕನ್ವರ್ಟರ್ ಹಾಕಿ ಹಚ್ಚಿದ. ಬೆಲ್ಲ ಸುಟ್ಟ ವಾಸನೆ ಬಂತು, ಆಮೇಲೆ ಏನೂ ಬರಲಿಲ್ಲ. ಅಡಾಪ್ಟರಿನಲ್ಲಿ ಓಡುವ ಸಣ್ಣ ಆಂಪ್ ಆದರೆ ಅಡಾಪ್ಟರಿನ ಬೆನ್ನು ನೋಡಿ. 100-240 ಅಂತ ಬರೆದಿದ್ದರೆ ಭಯವಿಲ್ಲ. ಇಲ್ಲದಿದ್ದರೆ ಸ್ಟೆಪ್ ಡೌನ್ ಟ್ರಾನ್ಸ್‌ಫಾರ್ಮರ್ ಬೇಕೇ ಬೇಕು.

ಅಕೌಸ್ಟಿಕ್ ಗಿಟಾರ್ ಇರುವವರಿಗೆ

ಮೇಲಿನದೆಲ್ಲ ಎಲೆಕ್ಟ್ರಿಕ್ ಗಿಟಾರಿನ ಮಾತು. ಎಲೆಕ್ಟ್ರಿಕ್ ಆಂಪಿನ ಸ್ಪೀಕರ್ ಸುಮಾರು 5,000 ಹರ್ಟ್ಸ್ ದಾಟಿದ ಮೇಲೆ ಕೈ ಬಿಡುತ್ತದೆ. ಕರಕರ ಧ್ವನಿಗೆ ಅದೇ ಒಳ್ಳೆಯದು, ಚುಚ್ಚುವುದು ಕಡಿಮೆ. ಪಿಕಪ್ (ತಂತಿಯ ಕಂಪನ ಹಿಡಿದು ಆಂಪಿಗೆ ಕಳಿಸುವ ಭಾಗ) ಇರುವ ಅಕೌಸ್ಟಿಕ್ ಗಿಟಾರಿಗೆ ಮಾತ್ರ ಅದು ಮಬ್ಬು. ತಂತಿಯ ಹೊಳಪು ಕೇಳಬೇಕಾದರೆ ಮೇಲಿನ ಸ್ವರವನ್ನೂ ಪೂರ್ತಿ ಕೊಡುವ ಅಕೌಸ್ಟಿಕ್ ಆಂಪೇ ಬೇಕು. ಫಿಶ್‌ಮನ್ ಲೌಡ್‌ಬಾಕ್ಸ್ ಮಿನಿಯಲ್ಲಿ ಆರೂವರೆ ಇಂಚಿನ ಸ್ಪೀಕರ್ ಜೊತೆ ಒಂದು ಇಂಚಿನ ಟ್ವೀಟರ್ ಇದೆ, ಮೈಕ್ ಹಾಕಿ ಹಾಡಲೂಬಹುದು. ಟೇಬಲ್ ಆಂಪಿನ ವರ್ಗದ ಟಿಎಚ್ಆರ್ ಕೂಡ ಇಲ್ಲಿ ನಡೆಯುತ್ತದೆ.

ಮನೆಯಲ್ಲಿ ಭಜನೆಯ ಅಹುಜಾ ಸೆಟ್ ಇದೆ, ಅದಕ್ಕೇ ಎಲೆಕ್ಟ್ರಿಕ್ ಗಿಟಾರ್ ಚುಚ್ಚಲಾ ಅಂತ ಕೇಳುವವರು ಇದ್ದಾರೆ. ಧ್ವನಿ ಬರುತ್ತದೆ, ಚೆನ್ನಾಗಿ ಬರುವುದಿಲ್ಲ. ಗಿಟಾರಿನ ಪಿಕಪ್ಪಿಗೆ ಎದುರಿಗೆ ಸುಮಾರು 10 ಲಕ್ಷ ಓಮ್ ಇರುವ ಇನ್‌ಪುಟ್ ಬೇಕು. ಮೈಕಿನ ತೂತಿನಲ್ಲಿ ಇರುವುದು ಕೆಲವು ಸಾವಿರ. ಗಿಟಾರ್ ಕಂಬಳಿ ಹೊದ್ದು ಹಾಡಿದ ಹಾಗೆ ಕೇಳುತ್ತದೆ.

ಮನೆಗೆ ತಂದ ಮೇಲೆ

ಆಂಪ್ ಎಷ್ಟೇ ಒಳ್ಳೆಯದಿರಲಿ, ನಮ್ಮ ಮನೆಗಳ ನೆಲ ಶಹಾಬಾದಿ ಫರಸಿ. ಬೇಸಿಗೆಗೆ ತಂಪು, ಗಿಟಾರಿಗೆ ಶತ್ರು. ಬರಿಗೋಡೆ, ಕಲ್ಲಿನ ನೆಲ, ನಡುವೆ ಟ್ರೆಬಲ್ ಚೆಂಡಿನ ಹಾಗೆ ಪುಟಿಯುತ್ತದೆ. ಎಷ್ಟೋ ಜನ ಆಂಪ್ ಕೆಟ್ಟದ್ದು ಅಂತ ಮಾರಿದ್ದು ಈ ಕಲ್ಲಿನ ತಪ್ಪಿಗೆ.

ನಾನು ಮಾಡಿದ್ದು ಇಷ್ಟು. ಅವ್ವ ಹೊಲಿದ ಹಳೇ ಕೌದಿಯನ್ನು ನಾಲ್ಕು ಮಡಿಕೆ ಮಾಡಿ ಆಂಪಿನ ಕೆಳಗೆ ಹಾಕಿದೆ. ಮೊದಲ ದಿನವೇ ಆಯಿಯ ಕೋಣೆಗೆ ಇಳಿಯುತ್ತಿದ್ದ ಗುಂಯ್ ಕಡಿಮೆ ಆಯಿತು, ಯಾಕೆಂದರೆ ಪೆಟ್ಟಿಗೆಯ ನಡುಕ ಕಲ್ಲಿಗೆ ಸೀದಾ ತಾಗುತ್ತಿರಲಿಲ್ಲ. ಇನ್ನೊಂದು ಕೌದಿ ಎದುರಿನ ಗೋಡೆಗೆ ತೂಗು ಹಾಕಿದೆ. ಕೌದಿಯಲ್ಲಿ ಏಳೆಂಟು ಪದರ ಹಳೇ ಸೀರೆ ಇರುತ್ತದೆ, ಅಂಗಡಿಯಲ್ಲಿ ಸಿಗುವ ತೆಳು ಫೋಮಿಗಿಂತ ಚೆನ್ನಾಗಿ ಧ್ವನಿ ನುಂಗುತ್ತದೆ. ಆಂಪನ್ನು ನೆಲಕ್ಕಿಟ್ಟು ಕುರ್ಚಿಯಲ್ಲಿ ಕೂತರೆ ಧ್ವನಿ ಮೊಣಕಾಲಿಗೆ ಬಡಿದು ಹೋಗುತ್ತದೆ. ಮುಂಭಾಗದ ಕೆಳಗೆ ಒಂದು ಪುಸ್ತಕ ಕೊಟ್ಟು ಮುಖ ಮೇಲೆ ಮಾಡಿ. ಆಗ ಟ್ರೆಬಲ್ ನಿಜವಾಗಿ ಎಷ್ಟಿದೆ ಅಂತ ಗೊತ್ತಾಗುತ್ತದೆ.

ಗುಂಯ್ ಅನ್ನುವ ಸದ್ದು ನಿಲ್ಲದಿದ್ದರೆ ಆಂಪನ್ನು ಬೈಯುವ ಮೊದಲು ಮನೆಯನ್ನು ತಪಾಸಣೆ ಮಾಡಿ. ಫ್ಯಾನಿನ ಎಲೆಕ್ಟ್ರಾನಿಕ್ ರೆಗ್ಯುಲೇಟರ್ ಬಂದ್ ಮಾಡಿ ನೋಡಿ. ಎಲ್‌ಇಡಿ ಬಲ್ಬ್ ಆರಿಸಿ ನೋಡಿ. ಲೈಟ್ ಹೋಗಿ ಇನ್ವರ್ಟರ್ ಹಚ್ಚಿಕೊಂಡ ಕೂಡಲೇ ಜೇನುಗೂಡಿನ ಸದ್ದು ಶುರುವಾದರೆ ಅದು ಸ್ಕ್ವೇರ್ ವೇವ್ ಇನ್ವರ್ಟರಿನ ಕೊಡುಗೆ. ಪ್ಯೂರ್ ಸೈನ್ ವೇವ್ ಆದರೆ ಈ ತೊಂದರೆ ಕಡಿಮೆ. ಒಂದೇ ಕಾಯಿಲ್ ಪಿಕಪ್ ಇರುವ ಗಿಟಾರಿಗೆ ಇದೆಲ್ಲ ಜಾಸ್ತಿ ಅಂಟುತ್ತದೆ, ಎರಡು ಕಾಯಿಲ್ ಇರುವ ಹಂಬಕರ್ ಪಿಕಪ್ಪಿಗೆ ಕಡಿಮೆ. ತಂತಿ ಮುಟ್ಟಿದಾಗ ಬೆರಳು ಜುಮ್ ಅಂದರೆ ಮಾತ್ರ ತಮಾಷೆ ಬೇಡ. ನುಡಿಸುವುದನ್ನು ಅಲ್ಲಿಗೇ ನಿಲ್ಲಿಸಿ, ಎಲೆಕ್ಟ್ರಿಷಿಯನ್ ಕರೆಸಿ ಅರ್ಥಿಂಗ್ ನೋಡಿಸಿ. ಮೂರು ಪಿನ್ನಿನ ಪ್ಲಗ್‌ನ ದಪ್ಪ ಪಿನ್ ಮುರಿದು ಎರಡರ ಬೋರ್ಡಿಗೆ ಹಾಕುವವರನ್ನು ನಾನು ಕಣ್ಣಾರೆ ಕಂಡಿದ್ದೇನೆ.

ನುಡಿಸಿದ ಮೇಲೆ ಹಳೇ ಪಂಚೆ ಮುಚ್ಚಿಡಿ. ಎರೆಮಣ್ಣಿನ ಧೂಳು ನಾಬಿನೊಳಗೆ ಹೊಕ್ಕರೆ ತಿರುಗಿಸಿದಾಗ ಚರಪರ ಶುರು.

ಕೊಳ್ಳುವ ದಿನ

ನಮ್ಮೂರಿನ ವಾದ್ಯದ ಅಂಗಡಿಗೆ ಹೋದಾಗಲೆಲ್ಲ ನನಗೆ ಕಂಡದ್ದು ಹಾರ್ಮೋನಿಯಂ, ತಬಲಾ, ಢೋಲಕ್. ನಾಲ್ಕಾರು ಆಂಪ್ ಒಟ್ಟಿಗೆ ಕೇಳಿ ನೋಡಬೇಕಾದರೆ ಹೈದರಾಬಾದಿಗೆ ಹೋಗುವುದೇ ವಾಸಿ, ಬೆಳಿಗ್ಗೆ ರೈಲು ಹತ್ತಿದರೆ ಮಧ್ಯಾಹ್ನ ಅಂಗಡಿಯಲ್ಲಿ ಇರುತ್ತೀರಿ. ನಿಮ್ಮ ಗಿಟಾರನ್ನೇ ಒಯ್ಯಿರಿ. ಅಂಗಡಿಯ ದುಬಾರಿ ಗಿಟಾರಿನಲ್ಲಿ ಯಾವ ಆಂಪೂ ಚೆನ್ನಾಗಿ ಕೇಳುತ್ತದೆ.

ಅಂಗಡಿಯ ಹುಡುಗ ಖುಷಿಯಿಂದ ಜೋರು ಮಾಡಿ ತೋರಿಸುತ್ತಾನೆ. 'ತಮ್ಮಾ, ಸಣ್ಣ ಮಾಡು' ಅಂತ ನೀವೇ ಹೇಳಿ. ಜೊತೆಗೆ ಬಂದವರಿಗೆ ಮಾತಾಡುತ್ತಾ ಇರಲು ಹೇಳಿ, ಅವರ ಮಾತು ಸ್ಪಷ್ಟ ಕೇಳುವ ತನಕ ಮಾಸ್ಟರ್ ಇಳಿಸಿ. ಈಗ ನಾಬ್ ಎಲ್ಲಿದೆ ನೋಡಿ. ಗಡಿಯಾರದ ಮುಳ್ಳಿನ ಲೆಕ್ಕದಲ್ಲಿ ಒಂಬತ್ತು ಗಂಟೆಗೋ ಹತ್ತಕ್ಕೋ ಇದ್ದರೆ ಆ ಆಂಪ್ ನಿಮ್ಮ ಮನೆಗೆ ಸರಿ. ಏಳಕ್ಕೇ ಅಂಟಿಕೊಂಡಿದ್ದರೆ ಬಿಟ್ಟು ಬನ್ನಿ. ಎಲ್ಲ ತಂತಿ ಬಿಟ್ಟು ಒಮ್ಮೆ ಮೀಟಿ, ಧ್ವನಿ ತಾನಾಗಿ ಆರುವ ತನಕ ಕಾಯಿರಿ. ಅಗ್ಗದ ಆಂಪಿನ ಬಾಲದಲ್ಲಿ ಚರ್ ಅನ್ನುವ ಸದ್ದು ಅಲ್ಲೇ ಸಿಕ್ಕಿಬೀಳುತ್ತದೆ. ಹೆಡ್‌ಫೋನ್ ಹಾಕಿಯೂ ಕೇಳಿ. ಸ್ಪೀಕರಿನ ಗುಣವನ್ನು ನಕಲು ಮಾಡುವ ವ್ಯವಸ್ಥೆ ಒಳಗಿಲ್ಲದಿದ್ದರೆ ಕರಕರ ಧ್ವನಿ ಹೆಡ್‌ಫೋನಿನಲ್ಲಿ ಸೊಳ್ಳೆ ಗುಂಯ್‌ಗುಟ್ಟಿದಂತೆ ಕೇಳುತ್ತದೆ.

ಆನ್‌ಲೈನ್‌ನಲ್ಲಿ ತರಿಸಿದರೆ ಇದೇ ಪರೀಕ್ಷೆಯನ್ನು ಮನೆಯಲ್ಲಿ ಮಾಡಿ, ಅದೂ ವಾಪಸ್ ಕಳಿಸುವ ಗಡುವಿನೊಳಗೆ. ಅಲ್ಲಿಯ ತನಕ ಡಬ್ಬಿ, ಥರ್ಮಾಕೋಲ್ ಯಾವುದನ್ನೂ ರದ್ದಿಯವನಿಗೆ ಕೊಡಬೇಡಿ.